ಹದಿನಾರು ಸವತಿಯರ ಪ್ಯಾಂಟು

ನಮ್ಮ ಯಜಮಾನರನ್ನು ಮೊದಲ ಸಲ ಕಂಡ ದಿನ ನನಗೆ ಅವರ ಮುಖ ಕಾಣಲಿಲ್ಲ. ನಾನು ಕೆಲಸಕ್ಕಿದ್ದ ದರ್ಜಿಯ ಅಂಗಡಿಯೊಳಗೆ ಬಿಳಿ ಪ್ಯಾಂಟುಗಳ ಒಂದು ರಾಶಿ ಎರಡು ಕಾಲಿನ ಮೇಲೆ ನಡೆದು ಬಂತು. ರಾಶಿಯೊಳಗಿಂದ ದನಿ ಬಂತು: "ಸಂಜೆಯೊಳಗೆ ಇವುಗಳ ಮಂಡಿ ಹೊಲಿದು ಕೊಡ್ತೀರಾ? ನಾಳೆ ತಂಡ ಪರದೇಶಕ್ಕೆ ಹೊರಡುತ್ತೆ."

ಅವರು ನಮ್ಮ ದೇಶದ ಕ್ರಿಕೆಟ್ ತಂಡದ ಸಾಮಾನು ನೋಡಿಕೊಳ್ಳುವವರು. ಬ್ಯಾಟು, ಪ್ಯಾಡು, ಗ್ಲೌಸು, ಬಟ್ಟೆ ಎಲ್ಲ ಅವರದೇ ಸುಪರ್ದು (ಆಡುವುದೊಂದನ್ನು ಬಿಟ್ಟು). ನಾನು ಪ್ಯಾಂಟುಗಳನ್ನು ತಿರುವಿ ಹಾಕಿ, "ಇಷ್ಟೊಂದು ಸಲ ಮಂಡಿಯೂರೋರು ದೇಶದ ಮಾನ ಹೇಗೆ ಉಳಿಸ್ತಾರೆ?" ಎಂದೆ. ಉಳಿದ ರಾಶಿ ಗಡಗಡ ಕುಲುಕಿ ನಕ್ಕಿತು. ಆಮೇಲೆ ಮುಖ ಕಂಡಿತು. ಪರವಾಗಿಲ್ಲ, ಚೆನ್ನಾಗಿಯೇ ಇತ್ತು. ಮದುವೆಯಾಯಿತು.

ಬೇರೆ ಹೆಂಗಸರಿಗೆ ಸವತಿ ಒಬ್ಬಳಿದ್ದರೇ ಹೆಚ್ಚು. ನನಗೆ ಹದಿನಾರು, ಅದೂ ಮೀಸೆ ಇರುವ ಆಟಗಾರರು! ಅವರು ಕರೆದರೆ ಇವರು ತಿಂಗಳುಗಟ್ಟಲೆ ಸಮುದ್ರದಾಚೆ. ಇದ್ದಾಗ ಇವರು ಮಾತಿನ ಮಲ್ಲರೇನಲ್ಲ. ಹೋದ ಮೇಲೆ ಮಾತ್ರ ಮನೆ ಯಾಕಿಷ್ಟು ಸುಮ್ಮನಾಯಿತು ಎನಿಸುತ್ತಿತ್ತು. ಇಬ್ಬರಿಗೆ ಆಗುವಷ್ಟು ಬೇಯಿಸಿ, ಮಿಕ್ಕಿದ್ದನ್ನು ಮಾರನೆಯ ದಿನ ನಾನೇ ತಿನ್ನುತ್ತಿದ್ದೆ.

ಒಂದು ಪ್ರವಾಸದ ಮುಂಚೆ ಅವರು, "ಬಟ್ಟೆ ಮೇಲೆ ಶಾಯಿಯಲ್ಲಿ ಬರೆದ ಹೆಸರು ಮೊದಲ ಒಗೆತಕ್ಕೇ ಹೋಗುತ್ತೆ, ನೀನು ದಾರದಲ್ಲಿ ಹೊಲಿದುಬಿಡು" ಎಂದರು. ಆಗ ನನಗೆ ಬರುತ್ತಿದ್ದ ಅಕ್ಷರ ಸಹಿ ಹಾಕುವಷ್ಟೇ. ಹಾಗೆಂದು ಬಾಯಿಬಿಡಲು ನಾಚಿಕೆ. ಅವರು ಹೇಳಿದ ಕಥೆಗಳಿಂದ ಒಬ್ಬೊಬ್ಬನ ಗುಣವೂ ನನಗೆ ಗೊತ್ತಿತ್ತು. ಎಲ್ಲರನ್ನೂ ಕಾಯುವ ನಾಯಕನಿಗೆ ಕೊಡೆ. ಔಟೇ ಆಗದವನಿಗೆ ಬೀಗ. ಓಡಲಾರದವನಿಗೆ ಆಮೆ. ಕೈಗೆ ಬಂದ ಚೆಂಡನ್ನೆಲ್ಲ ಬಿಡುವವನಿಗೆ ಜರಡಿ. ಹೀಗೆ ಹದಿನಾರು ಚಿತ್ರ ಸೊಂಟಪಟ್ಟಿಯ ಒಳಗೆ ಹೊಲಿದು, ಮಡಿಸಿ ಪೆಟ್ಟಿಗೆಗೆ ತುಂಬಿದೆ. ಅವರು ಬಿಚ್ಚಿ ನೋಡದೆ ಹೊತ್ತೊಯ್ದರು.

ಫೋನಿದ್ದದ್ದು ಎದುರುಮನೆಯ ಹಲ್ಲಿನ ಡಾಕ್ಟರ ಕೋಣೆಯಲ್ಲಿ. ಒಂದು ಸಂಜೆ ಡಾಕ್ಟರ ಹೆಂಡತಿ ಬಾಗಿಲಲ್ಲಿ ನಿಂತು ಕೂಗಿದರು: "ಬನ್ರೀ, ನಿಮ್ಮೋರು!" ಓಡಿದೆ. ಕುರ್ಚಿಯಲ್ಲಿ ರೋಗಿಯೊಬ್ಬರು ಬಾಯಿ ತೆರೆದು ಮಲಗಿದ್ದರು.

"ಹಲೋ! ಕೇಳಿಸ್ತಾ?"

"ಇಡೀ ಬೀದಿಗೇ ಕೇಳಿಸ್ತು. ಊಟ ಆಯ್ತಾ?"

"ಊಟ ಹಾಳಾಗ್ಲಿ! ಏನೇ ಇದು, ಪ್ಯಾಂಟಿನ ತುಂಬ ಪ್ರಾಣಿ ಪಾತ್ರೆ? ಎಲ್ಲಾ ಒಗೆದು ಬಂದು ಬೆಟ್ಟದ ಹಾಗೆ ಬಿದ್ದಿವೆ. ಕೊಡೆ ಯಾರದು?"

"ನಾಯಕರದು."

"ಮಿಕ್ಕಿದ್ದು?"

ಹದಿನಾರೂ ನಾಲಿಗೆಯ ತುದಿಯಲ್ಲಿದ್ದವು. ಅಷ್ಟರಲ್ಲಿ ನನ್ನ ಬುದ್ಧಿಗೆ ಬೆಳಕು ಹತ್ತಿತು: ಎಲ್ಲವನ್ನೂ ಇವತ್ತೇ ಒಪ್ಪಿಸಿದರೆ ನಾಳೆ ಈ ಮನುಷ್ಯ ಯಾಕೆ ಫೋನು ಮಾಡಿಯಾರು?

"ಮರೆತೇ ಹೋಯ್ತು ಕಣ್ರೀ. ನಾಳೆ ನೆನಪು ಮಾಡ್ಕೊಂಡು ಹೇಳ್ತೀನಿ."

ಮಾರನೆಯ ಸಂಜೆ ಫೋನು ಬಂತು. ಬೀಗ ಕೊಟ್ಟೆ. ಅದರ ಮಾರನೆಯ ಸಂಜೆ ಆಮೆ. ನಾನು ಮಧ್ಯಾಹ್ನದಿಂದಲೇ ತಲೆ ಬಾಚಿ, ಇಸ್ತ್ರಿ ಬಟ್ಟೆ ಉಟ್ಟು ಕಿಟಕಿಯಲ್ಲಿ ಕೂರುವುದು ಶುರುವಾಯಿತು.

"ಫೋನಲ್ಲಿ ಬಟ್ಟೆ ಕಾಣಿಸುತ್ತೇನ್ರೀ?" ಎಂದು ಡಾಕ್ಟರ ಹೆಂಡತಿ ಕೆಣಕಿದರು.

"ದನಿಯಲ್ಲಿ ಗೊತ್ತಾಗುತ್ತೆ," ಎಂದೆ.

ಡಾಕ್ಟರು ಗೊಣಗಿದರು: "ಅಮ್ಮಾ, ನೀವು 'ಜರಡಿ! ಜರಡಿ!' ಅಂತ ಕೂಗಿದಾಗ ನನ್ನ ಪೇಷೆಂಟು ತಮ್ಮ ಹಲ್ಲಿಗೇ ಅಂದ್ರು ಅಂದ್ಕೊಂಡು ಎದ್ದು ಹೋದ್ರು."

ಒಂದು ಸಂಜೆ ಅವರು ಯಾವ ಚಿತ್ರವನ್ನೂ ಕೇಳಲಿಲ್ಲ. ಮಳೆ ಬಂದು ಆಟ ನಿಂತಿದೆ ಎಂದರು. ಇಲ್ಲಿ ಬಿಸಿಲು ಎಂದೆ. "ಹ್ಞೂಂ," ಎಂದರು. ನಾನೂ "ಹ್ಞೂಂ" ಎಂದೆ. ಆಮೇಲೆ ಅಷ್ಟು ದೂರದ ಮಳೆಯ ಸದ್ದನ್ನು ಇಬ್ಬರೂ ಸುಮ್ಮನೆ ಕೇಳಿಸಿಕೊಂಡೆವು. ಡಾಕ್ಟರು ಕೂಡ ಹಲ್ಲು ಕೊರೆಯುವ ಯಂತ್ರ ನಿಲ್ಲಿಸಿದ್ದರು.

ಚಿತ್ರಗಳು ಮುಗಿದವು, ಪ್ರವಾಸ ಮುಗಿಯಲಿಲ್ಲ. ನಾನು ಸೋಲುವವಳೇ? "ಮೊನ್ನೆ ಆಮೆ ಅಂದಿದ್ನಲ್ಲ, ಅದು ತಪ್ಪಾಯ್ತು, ಆಮೆ ಅವನದಲ್ಲ," ಎಂದು ಮತ್ತೆ ಮೊದಲಿನಿಂದ ಆರಂಭಿಸಿದೆ. ಪಾಪ, ಅವರು ತಾಳ್ಮೆಯಿಂದ ಅದನ್ನೂ ಕೇಳಿದರು. ಕೊನೆಯ ಪಂದ್ಯದಲ್ಲಿ ನಮ್ಮವರು ಹೀನಾಯವಾಗಿ ಸೋತಾಗ ಮಾತ್ರ ನನ್ನ ಎದೆ ಧಸಕ್ಕೆಂದಿತು. ನಾಯಕರು ಆಮೆಯ ಪ್ಯಾಂಟು ತೊಟ್ಟು ಓಡಿದರೋ ಏನೋ! ಆದರೂ ಗಂಡನನ್ನು ಹೇಗೆ ಆಡಿಸಿದೆ ಎಂಬ ಜಂಬ ಒಳಗೊಳಗೇ ಉಳಿಯಿತು. ತಲೆ ನರೆತರೂ ಆ ಜಂಬ ನರೆಯಲಿಲ್ಲ.

ಅವರು ಹಾಸಿಗೆ ಹಿಡಿದ ಮೇಲೆ ಒಂದು ದಿನ ರೇಡಿಯೋದಲ್ಲಿ ಪಂದ್ಯ ಕೇಳುತ್ತಿದ್ದರು, ನಾನು ಕಾಲು ಒತ್ತುತ್ತಿದ್ದೆ. ಇದ್ದಕ್ಕಿದ್ದಂತೆ ನಗತೊಡಗಿದರು.

"ಏನ್ರೀ?"

"ಆ ಪ್ಯಾಂಟುಗಳು! ಯಾವುದು ಯಾರದು ಅಂತ ಮೊದಲ ದಿನಾನೇ ಗೊತ್ತಾಗಿತ್ತು ಕಣೇ."

"ಹೇಗೆ?"

"ಅವರವರು ಹಾಕ್ಕೊಂಡು ನೋಡಿದ್ರೆ ಗೊತ್ತಾಗಲ್ವೇ? ಉದ್ದನೆಯವನದು ಕುಳ್ಳನಿಗೆ ಆಗುತ್ತಾ?"

ನನ್ನ ಕೈ ನಿಂತಿತು. ಇಷ್ಟು ವರ್ಷ ನಾನೇ ಮಹಾ ಚಾಣಾಕ್ಷೆ ಎಂದು ಮೆರೆದಿದ್ದೆನಲ್ಲ!

"ಗೊತ್ತಿದ್ದೂ ದಿನಾ ಸಂಜೆ ಯಾಕ್ರೀ ಕೇಳ್ತಿದ್ರಿ? ಆ ಬಾಯಿ ಕಳ್ಕೊಂಡು ಮಲಗಿದ್ದೋರ ಮುಂದೆ ನನ್ನ ಮಾನ ಕಳೆಯೋಕಾ?"

ಅವರು ಕೈಚಾಚಿ ರೇಡಿಯೋ ಆರಿಸಿದರು. ಪಂದ್ಯ ನಡೆಯುವಾಗ ಅವರು ಹಾಗೆ ಮಾಡಿದ್ದನ್ನು ನಾನು ಕಂಡಿರಲಿಲ್ಲ. ನನ್ನ ಮುಖವನ್ನೇ ನೋಡಿದರು. ಆಮೇಲೆ ಅವರು ನನ್ನನ್ನು ಕೇಳಿದ್ದು ಇದೊಂದೇ, ಇದೇ ಕೊನೆಯ ಪ್ರಶ್ನೆ:

"ಎಲ್ಲಾ ನೆನಪಿದ್ದೂ ಒಂದೊಂದೇ ಯಾಕೆ ಹೇಳ್ತಿದ್ದೆ, ನೀನು?"