ಭಾವನ ಗಾಳಿ ವಾಚು

ಕೆಲವರ ಮನೆಗೆ ನೆಂಟರು ಬರುವ ಹಾಗೆ ನಮ್ಮ ಕೆಲಸಕ್ಕೆ ಪಜೀತಿಗಳು ಬರುತ್ತವೆ. ಹೇಳಿ ಬರುವುದಿಲ್ಲ, ಬಂದ ಮೇಲೆ ಬೇಗ ಹೊರಡುವುದೂ ಇಲ್ಲ.

ನಮ್ಮ ಕೆಲಸ ನೀರಿಗೆ ಬಿದ್ದದ್ದನ್ನು ಮೇಲೆತ್ತುವುದು. ಬಾವಿಗೆ ಬಿದ್ದ ಮೋಟರು, ಕಲ್ಲು ಕ್ವಾರಿಗೆ ಬಿದ್ದ ಬೈಕು, ಕಲ್ಯಾಣಿಗೆ ಬಿದ್ದ ಬೆಳ್ಳಿ ಬಿಂದಿಗೆ. ಕೋಲಾರದಂಥ ಜಿಲ್ಲೆಯಲ್ಲಿ ಮುಳುಗುವ ಕೆಲಸ ಎಂದರೆ ಜನ ಮೊದಲು ನಗುತ್ತಾರೆ, ಆಮೇಲೆ ನೀರೆಲ್ಲಿದೆ ಎಂದು ಕೇಳುತ್ತಾರೆ. ಮುಳುಗುವವರು ನಮ್ಮ ಭಾವ, ಅಂದರೆ ಅಕ್ಕನ ಗಂಡ. ಕರಾವಳಿಯ ಬಂದರೊಂದರಲ್ಲಿ ಕೆಲವು ವರ್ಷ ಮುಳುಗಿ ಕಲಿತು ಮುಳಬಾಗಿಲಿಗೆ ಬಂದವರು. ನಾನು ದಡದಲ್ಲಿ ಹಗ್ಗ ಹಿಡಿಯುವವನು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಭಾವ ಬೆಂಗಳೂರಿನ ಒಬ್ಬ ಶೋಕಿಲಾಲನಿಂದ ಹಳೇ ಗಾಳಿ ಸಿಲಿಂಡರಿನ ಸೆಟ್ಟು ತಂದರು. ಮುಂಚಿನ ಸೆಟ್ಟಿನಲ್ಲಿ ಗಾಳಿ ಎಷ್ಟಿದೆ ಎಂದು ತೋರಿಸಲು ಪೈಪಿನ ತುದಿಗೆ ಮುಳ್ಳಿನ ಮೀಟರು ನೇತಾಡುತ್ತಿತ್ತು. ಇದರಲ್ಲಿ ಆ ಮೀಟರಿನ ಪೈಪೇ ಇಲ್ಲ. ಸಿಲಿಂಡರಿನ ಬಾಯಿಯ ಹತ್ತಿರ ಹೆಬ್ಬೆರಳು ಗಾತ್ರದ ಕರೀ ತುಂಡು. ಅದು ವೈರಿಲ್ಲದೆ ಕೈಯಲ್ಲಿರುವ ವಾಚಿಗೆ ಸುದ್ದಿ ಕಳಿಸುತ್ತದೆ. ಇನ್ನೂರು ಎಂದರೆ ಸಿಲಿಂಡರು ಭರ್ತಿ, ಐವತ್ತಕ್ಕೆ ಬಂದರೆ ಮೇಲೆ ಬಾ ಎಂದರ್ಥ. ಭಾವ ಹಳೇ ಮೀಟರನ್ನು ಅಟ್ಟಕ್ಕೆ ಹಾಕಿದರು. ನನಗೆ ಅದು ಸರಿಬರಲಿಲ್ಲ, ಆದರೆ ನನ್ನನ್ನು ಯಾರು ಕೇಳುತ್ತಾರೆ?

ಬೊಟ್ಟು

ಆ ವರ್ಷದ ಆಯುಧಪೂಜೆಗೆ ಅಕ್ಕ ಸ್ಕೂಟರು, ಮಿಕ್ಸಿ, ಸಿಲಿಂಡರು ಎಲ್ಲಕ್ಕೂ ಅರಿಶಿನ ಕುಂಕುಮ ಇಟ್ಟಳು. ವಾಚಿನ ಮುಂದೆ ಮಾತ್ರ ಯೋಚಿಸುತ್ತಾ ನಿಂತಳು. ಕುಂಕುಮ ಇಟ್ಟರೆ ನೀರಲ್ಲಿ ತೊಳೆದುಹೋಗುತ್ತದೆ, ಗಂಡನ ವಾಚಿನ ಕುಂಕುಮ ಅಳಿಸಬಾರದು. ತನ್ನ ಸ್ಟಿಕ್ಕರ್ ಪ್ಯಾಕೆಟ್ಟಿನಿಂದ ಒಂದು ಕೆಂಪು ಬೊಟ್ಟು ತೆಗೆದು ಗಾಜಿನ ಮೇಲೆ ಒತ್ತಿ ಅಂಟಿಸಿದಳು.

ಹಬ್ಬ ಕಳೆದು ಒಂದು ಬಾವಿಗೆ ಇಳಿದ ಭಾವ, ಕೆಲಸ ಅರ್ಧವಾಗುವಷ್ಟರಲ್ಲಿ ಬಾಣ ಬಿಟ್ಟ ಹಾಗೆ ಮೇಲೆ ಬಂದರು.

"ಮೂರೇ ಇತ್ತು ಕಣೋ! ಇನ್ನೊಂದು ಉಸಿರು ತಗೊಂಡಿದ್ರೆ ಮುಗೀತಿತ್ತು."

"ಭರ್ತಿ ಸಿಲಿಂಡರು ಭಾವ, ಇಳಿಯೋ ಮುಂಚೆ ನೋಡ್ಲಿಲ್ವಾ?"

"ಭರ್ತಿ ಇರೋದನ್ನ ಏನು ನೋಡೋದು?"

ನಾನು ಬೊಟ್ಟನ್ನು ಉಗುರಿನಿಂದ ಎಬ್ಬಿಸಿ ನೋಡಿದೆ. ನೂರ ಮೂರು ಇತ್ತು. ಮುಂದಿನ ಒಂದು, ಸೊನ್ನೆ ಎರಡೂ ಬೊಟ್ಟಿನ ಕೆಳಗೆ ಕೂತಿದ್ದವು.

ಭಾವ ಬೊಟ್ಟನ್ನು ಬಿಸಾಡಲಿಲ್ಲ, ಮನೆಯಲ್ಲಿ ಅಕ್ಕನಿಗೆ ಉತ್ತರ ಹೇಳಬೇಕಾದವರು ಅವರು. ಪಕ್ಕಕ್ಕೆ, ಗಂಟೆ ತೋರಿಸುವ ಜಾಗದ ಮೇಲೆ, ಸರಿಸಿ ಅಂಟಿಸಿದರು. ಅವತ್ತಿನಿಂದ ಕೈಯಲ್ಲಿ ಅಷ್ಟು ದೊಡ್ಡ ವಾಚು ಕಟ್ಟಿಕೊಂಡು ಗಂಟೆ ಎಷ್ಟು ಎಂದು ನನ್ನನ್ನು ಕೇಳುತ್ತಿದ್ದರು.

ಹಿಡಿ

ಗೌನಿಪಲ್ಲಿ ಕಡೆಯ ಮಾವಿನ ತೋಟದ ಯಜಮಾನರೊಬ್ಬರ ಮೋಟರು ಬಾವಿಗೆ ಬಿದ್ದಿತ್ತು. ನಾವು ವ್ಯಾನಿನಿಂದ ಸಾಮಾನು ಇಳಿಸುವಷ್ಟರಲ್ಲಿ ಅವರು ಉಪಕಾರ ಮಾಡಲು ಮುಂದೆ ಬಂದು, ಆ ಕರೀ ತುಂಡನ್ನೇ ಹಿಡಿದು ಸಿಲಿಂಡರನ್ನು ಎತ್ತಿಬಿಟ್ಟರು. ಭಾವ ಕೂಗಿದ ಕೂಗಿಗೆ ಮರದ ಮೇಲಿನ ಹಕ್ಕಿಗಳು ಎದ್ದವು.

"ಏಮಯ್ಯಾ, ಹಿಡ್ಕೊಳ್ಳೋಕಲ್ದೆ ಮತ್ತೆ ಇದನ್ಯಾಕೆ ಇಷ್ಟುದ್ದ ಬಿಟ್ಟವ್ರೆ?" ಎಂದರು ಯಜಮಾನರು.

ಭಾವ ಸಮಾಧಾನ ತಂದುಕೊಂಡು, ಅದು ಹಿಡಿಯಲ್ಲ, ವೈರಿಲ್ಲದೆ ವಾಚಿಗೆ ಸುದ್ದಿ ಕಳಿಸುವ ಯಂತ್ರ ಎಂದು ವಿವರಿಸಿದರು. ಯಜಮಾನರು ತುಂಬಾ ಶ್ರದ್ಧೆಯಿಂದ ಕೇಳಿದರು. ಮೋಟರು ಮೇಲೆ ಬಂತು, ಕಾಫಿಯೂ ಬಂತು. ಹೊರಡುವಾಗ ಅವರು ಭಾವನನ್ನು ಮೆಲ್ಲಗೆ ಪಕ್ಕಕ್ಕೆ ಕರೆದರು.

"ನಮ್ ಮೋಟ್ರಿಗೂ ಅಂಥದ್ದೊಂದು ಹಾಕ್ಕೊಡಿ ಸ್ವಾಮಿ. ವೈರು ಕದಿಯೋರ ಕಾಟ ತಡೆಯೋಕಾಗ್ತಿಲ್ಲ."

ರಿಪೇರಿ

ವಾಚಿನ ಸೆಲ್ಲು ಮುಗಿಯಿತು. ಕೋಲಾರದ ವಾಚಂಗಡಿಯವರಿಗೆ ಕೊಟ್ಟೆವು. ಅವರು ಹೊಸ ಸೆಲ್ಲು ಹಾಕಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ಬಿಚ್ಚಿ, ಮುಚ್ಚಿ, ಕೊನೆಗೆ ತಲೆಯಾಡಿಸಿದರು. "ಮೆಷಿನ್ನೇ ಹೋಗಿದೆ ಸಾರ್. ಬರೀ ಗೀಟು ತೋರಿಸ್ತಿದೆ."

ಗೀಟು ತೋರಿಸುವುದೇ ಅದರ ಧರ್ಮ. ಸಿಲಿಂಡರಿನಿಂದ ಒಂದು ಮಾರು ಆಚೆ ಹೋದರೆ ಅದಕ್ಕೆ ಸುದ್ದಿ ಬರುವುದಿಲ್ಲ, ಸುದ್ದಿ ಬರದಿದ್ದರೆ ಅಂಕಿಯಿಲ್ಲ. ಇದನ್ನು ಭಾವ ಎಷ್ಟು ಹೇಳಿದರೂ ಅಂಗಡಿಯವರು ನಂಬಲಿಲ್ಲ. ಹಟಕ್ಕೆ ಬಿದ್ದ ಭಾವ ವ್ಯಾನಿಗೆ ಹೋಗಿ ಸಿಲಿಂಡರನ್ನು ಹೆಗಲ ಮೇಲೆ ಹೊತ್ತು, ಬಜಾರಿನ ಜನ ದಾರಿ ಬಿಡುತ್ತಿರಲು, ಅಂಗಡಿಗೆ ಬಂದು ಗಾಜಿನ ಮೇಜಿನ ಪಕ್ಕ ಇಟ್ಟು, ಅದರ ತಿರುಪು ತಿರುಗಿಸಿ ಗಾಳಿ ಬಿಟ್ಟರು. ವಾಚಿನಲ್ಲಿ ಅಂಕಿ ಮೂಡಿತು.

ಅಂಗಡಿಯವರು ವಾಚನ್ನು ನೋಡಿದರು, ಸಿಲಿಂಡರನ್ನು ನೋಡಿದರು.

"ಮದುವೆ ಗಿದುವೆಗೆ ಹೋಗೋವಾಗ್ಲೂ ಇದನ್ನ ಹೊತ್ಕೊಂಡೇ ಹೋಗ್ತೀರಾ ಸಾರ್?"

ಮಾಲೂರಿನ ಕ್ವಾರಿ

ಮಾಲೂರಿನಲ್ಲಿ ನೆಂಟರ ಮನೆಯ ಸೀಮಂತ ಮುಗಿಸಿ ಬರುವಾಗ, ದಾರಿಯಲ್ಲೇ ಒಂದು ಕೆಲಸವಿತ್ತು. ನೀರು ತುಂಬಿದ ಹಳೇ ಕ್ವಾರಿಗೆ ಬಿದ್ದ ಪಂಪು ಎತ್ತಬೇಕು. ಅಕ್ಕ ರೇಷ್ಮೆ ಸೀರೆಯಲ್ಲೇ ಜೊತೆಗಿದ್ದಳು. ಗಂಡನ ಕೆಲಸವನ್ನು ಅವಳು ಕಣ್ಣಾರೆ ನೋಡುತ್ತಿದ್ದದ್ದು ಅದೇ ಮೊದಲು. ಕಪ್ಪಗಿನ ನೀರನ್ನು ಬಗ್ಗಿ ನೋಡಿದವಳೇ ಕೈಚಾಚಿದಳು.

"ಆ ವಾಚು ಇಲ್ಲಿ ಕೊಡಿ. ಗಾಳಿ ಎಷ್ಟಿದೆ ಅಂತ ನಾನು ನೋಡ್ಕೋತೀನಿ. ನಿಮಗೆ ಕೆಲಸಕ್ಕೆ ನಿಂತ್ರೆ ಊಟದ ಧ್ಯಾನವೇ ಇರಲ್ಲ, ಇನ್ನು ಗಾಳಿ ಧ್ಯಾನ ಇರುತ್ತಾ?"

"ದೂರ ಹೋದ್ರೆ ಅದರಲ್ಲಿ ಬರಲ್ಲ ಕಣೇ."

"ಬೆಂಗಳೂರಿಂದ ಮೊಬೈಲಲ್ಲಿ ಮಾತು ಬರುತ್ತೆ. ಈ ಗುಂಡಿಯಿಂದ ಬರಲ್ವಾ? ಕೊಡದಿದ್ರೆ ಇಳಿಯೋದೇ ಬೇಡ, ನಡೀರಿ ಮನೆಗೆ."

ಬಂದರಿನಲ್ಲಿ ಅಲೆಗೆ ಹೆದರದ ಭಾವ ವಾಚು ಬಿಚ್ಚಿ ಕೊಟ್ಟರು. ಅಂದಾಜಿನ ಮೇಲೆ ಬೇಗ ಬಂದುಬಿಡುತ್ತೇನೆ ಎಂದು ನನ್ನ ಕಿವಿಯಲ್ಲಿ ಹೇಳಿ, ಹಗ್ಗದ ತುದಿ ಹಿಡಿದು ಮುಳುಗಿದರು.

ವಾಚಿನಲ್ಲಿ ಗೀಟು ಬಂತು.

"ಲೇ, ಅಂಕಿ ಹೋಯ್ತು ಕಣೋ!"

"ಅದು ಹಾಗೇ ಅಕ್ಕ, ದೂರ ಹೋದ್ರೆ..."

ಅಕ್ಕ ಉಳಿದದ್ದನ್ನು ಕೇಳಲಿಲ್ಲ. ಅವಳು ಅತ್ತ ಅಳುವಿಗೆ ಪಕ್ಕದ ಹೊಲದಲ್ಲಿ ಟೊಮೆಟೊ ಕೀಳುತ್ತಿದ್ದವರೆಲ್ಲ ಓಡಿ ಬಂದರು. ಹೆಂಗಸರು ಅವಳನ್ನು ಹಿಡಿದುಕೊಂಡು ಕೂತರು, ಅವಳು ವಾಚನ್ನು ಹಿಡಿದುಕೊಂಡು ಕೂತಳು. ನಾನು ಹಗ್ಗ ಎಳೆದೆ, ಅಲ್ಲಾಡಲಿಲ್ಲ. ಪಂಪಿಗೆ ಕಟ್ಟಿರುತ್ತಾರೆ ಎಂದುಕೊಂಡೆ. ಆದರೂ ಹೊತ್ತು ಹೋದ ಹಾಗೆ ನಾನೂ ದಡದ ಅಂಚಿಗೆ ಹೋಗಿ ನೀರಲ್ಲಿ ಗುಳ್ಳೆ ಹುಡುಕತೊಡಗಿದೆ. ಗಾಳಿ ಎಷ್ಟು ಉಳಿದಿದೆ ಎಂದು ದಡದಲ್ಲಿದ್ದ ನಮಗೂ ಗೊತ್ತಿಲ್ಲ, ನೀರಲ್ಲಿದ್ದ ಅವರಿಗೂ ಗೊತ್ತಿಲ್ಲ. ಅಟ್ಟದ ಮೇಲಿನ ಮುಳ್ಳಿನ ಮೀಟರು ನೆನಪಾಗಿ ನಿಜವಾಗಿಯೂ ಕಣ್ಣಲ್ಲಿ ನೀರು ಬಂತು.

ಅಷ್ಟರಲ್ಲಿ ಭಾವ ಪಂಪಿಗೆ ಹಗ್ಗ ಕಟ್ಟಿ, ಕ್ವಾರಿಯ ಆ ಬದಿಯ ಲಾರಿ ದಾರಿಯಲ್ಲಿ ಮೇಲೆ ಹತ್ತಿ, ಸಿಲಿಂಡರು ಹೊತ್ತುಕೊಂಡೇ ಬಂಡೆಗಳ ಹಿಂದಿನಿಂದ ಸುತ್ತಿ ಬಂದಿದ್ದರು. ಇಲ್ಲಿ ನೋಡಿದರೆ ಜನವೋ ಜನ. ಗುಂಪಿನ ಹಿಂದೆ ನಿಂತ ಒಬ್ಬರನ್ನು ಕೇಳಿದರು.

"ಏನಾಯ್ತಣ್ಣಾ?"

"ಯಾರೋ ಮುಳುಗಿಹೋದ್ರಂತೆ ಕಣಪ್ಪಾ. ಪುಣ್ಯಕ್ಕೆ ಸರಿಯಾದ ಟೈಮಿಗೆ ನೀನು ಬಂದೆ."

ಭಾವ ಒಳ್ಳೆಯ ಮನುಷ್ಯ. ಮುಳುಗುವ ಕನ್ನಡಕವನ್ನು ಮತ್ತೆ ಮುಖಕ್ಕೆ ಎಳೆದುಕೊಂಡು, "ದಾರಿ ಬಿಡಿ, ದಾರಿ ಬಿಡಿ" ಎನ್ನುತ್ತಾ ನೀರಿನ ಕಡೆ ಬಂದರು. ಅವರನ್ನು ಕಂಡು ನಾನು ಭಾವ ಎಂದು ಕೂಗಿದ್ದು ಆ ಅಳುವಿನ ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ.

ಅಕ್ಕನ ಪಕ್ಕಕ್ಕೆ ಅವರು ಬಂದದ್ದೇ ತಡ, ವಾಚಿನಲ್ಲಿ ಅಂಕಿ ಮೂಡಿತು.

"ಬಂತು! ಗಾಳಿ ಬಂತು! ಇದಾರೆ, ನಮ್ಮನೆಯವ್ರು ಇದಾರೆ!" ಎಂದು ಅಕ್ಕ ವಾಚನ್ನು ಎಲ್ಲರಿಗೂ ತೋರಿಸಿ ಕಣ್ಣಿಗೆ ಒತ್ತಿಕೊಂಡಳು. ಹೆಂಗಸರೆಲ್ಲ ವಾಚಿಗೆ ಕೈಮುಗಿದರು. ಪಕ್ಕದಲ್ಲಿ ನೀರು ಸೋರಿಸುತ್ತಾ ನಿಂತವರನ್ನು ಯಾರೂ ನೋಡಲಿಲ್ಲ.

ಭಾವ ಬಗ್ಗಿ ಕೇಳಿದರು. "ನೀನ್ಯಾಕೆ ಅಳ್ತಿದೀಯೇ? ಮುಳುಗಿದ್ದು ಯಾರು?"

ಅಕ್ಕ ಆಗ ತಲೆಯೆತ್ತಿದಳು.

"ನೀವೇ ಕಣ್ರೀ."

ಭಾವ ನೀರನ್ನೊಮ್ಮೆ ನೋಡಿ, ಕನ್ನಡಕ ಹಣೆಗೇರಿಸಿದರು.

"ಹಾಗಾದ್ರೆ ನಾನು ಇಳಿಯೋದು ಬೇಡ್ವಾ?"