ಬುಲ್ಡೋಜರಿಗೆ ಉಸಿರು ತಂದದ್ದು

ಈ ಸಂಗತಿಯನ್ನು ನನಗೆ ಮೊದಲು ಪೂರ್ತಿಯಾಗಿ ಹೇಳಿದವಳು ನನ್ನ ತಂಗಿ ನೀಲವ್ವ. ನಾನೂ ಅಲ್ಲಿದ್ದೆ. ಆದರೆ ಹೆದರಿದವನ ಕಣ್ಣಿಗೆ ಅರ್ಧವೇ ಕಾಣುತ್ತದೆ. ಉಳಿದರ್ಧವನ್ನು ಹೆದರದವರಿಂದ ಕೇಳಿ ತಿಳಿಯಬೇಕು. ಹಳೆಯ ಯಂತ್ರವನ್ನು ಕೊಂಡವನಿಗೆ ಇಂಥ ಪೇಚುಗಳು ಒಂದು ಮುಗಿಯುವುದರೊಳಗೆ ಇನ್ನೊಂದು ಬರುತ್ತಲೇ ಇರುತ್ತವೆ.

ಎಪ್ಪತ್ತರ ದಶಕದ ಮಾತು. ಆಣೆಕಟ್ಟಿನ ಕೆಲಸದಲ್ಲಿ ದುಡಿದು ಹಳತಾದ ಒಂದು ಬುಲ್ಡೋಜರನ್ನು ಲಿಲಾವಿನಲ್ಲಿ ಕೂಗಿ ಕೊಂಡಿದ್ದೆ. ಹೊಲ ಸಮ ಮಾಡುವುದು, ಒಡ್ಡು ಹಾಕುವುದು ಅದರ ಕೆಲಸ. ಆ ಬೇಸಿಗೆಯಲ್ಲಿ ಇಂಗಳೇಶ್ವರದ ಆಚೆ, ನನ್ನ ತಂಗಿಯನ್ನು ಕೊಟ್ಟ ಊರಿನಲ್ಲಿ, ಕೆರೆಯ ಹಳೆಯ ಒಡ್ಡನ್ನು ನಡುವೆ ಒಡೆದು ಹೊಸದಾಗಿ ಕಟ್ಟುತ್ತಿದ್ದೆವು. ಮುಂಗಾರಿನ ಮಿರಗದ ಮಳೆಗೆ ಮುಂಚೆ ಮುಚ್ಚಿಕೊಡುತ್ತೇನೆಂದು ಗುಡಿಯ ಕಟ್ಟೆಯ ಮೇಲೆ ಕುಳಿತು ಹಿರಿಯರಿಗೆ ಮಾತು ಕೊಟ್ಟಿದ್ದೆ. ಒಡ್ಡಿನ ಕೆಳಗೇ ತಂಗಿಯ ಓಣಿ. ಒಡ್ಡು ಬಾಯಿ ತೆರೆದು ನಿಂತಿರುವಾಗಲೇ ಯಂತ್ರ ಚೀರತೊಡಗಿತು.

ಅಳುವ ಸಾಮಾನು

ಎಂಜಿನ್ನಿನ ಪಕ್ಕೆಗೆ ಬಸವನಹುಳದ ಚಿಪ್ಪಿನಂಥದೊಂದು ಸಾಮಾನು ಇರುತ್ತದೆ. ಅದಕ್ಕೆ ಟರ್ಬೋ ಎನ್ನುತ್ತಾರೆ. ಹೊರಗೆ ಹೋಗುವ ಹೊಗೆಯ ಜೋರಿನಿಂದ ತಾನು ಗರಗರ ತಿರುಗಿ, ಎಂಜಿನ್ನಿನೊಳಗೆ ಗಾಳಿಯನ್ನು ತುರುಕುತ್ತದೆ. ಚೆನ್ನಾಗಿದ್ದಾಗ ಸಣ್ಣಗೆ ಸೀಟಿ ಹೊಡೆಯುತ್ತದೆ.

ಡ್ರೈವರ್ ಕಾಕಾ ಬಂದು, "ಸಾವಕಾರ್ರ, ದಿನಾ ಸೀಟಿ ಹೊಡಿತಿತ್ತು, ಇವತ್ತ ಅಳಾಕತ್ತೈತಿ" ಎಂದ. ಹೊಗೆಯೂ ನೀಲಿಯಾಗಿತ್ತು.

ಸಿಂದಗಿಯಿಂದ ಮಿಸ್ತ್ರಿಯನ್ನು ಕರೆಸಿದೆ. ಅವನು ಗಾಳಿಯ ಪೈಪು ಬಿಚ್ಚಿ, ಒಳಗಿನ ಚಕ್ರದ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಅಲುಗಿಸಿದ.

"ನೋಡ್ರಿ, ಮುದುಕನ ಹಲ್ಲ ಅಳ್ಳಾಡಿದಂಗ ಅಳ್ಳಾಡತೈತಿ. ಹಿಂಗ ಓಡಿಸಿದ್ರ ಚಕ್ರ ಮುರದು ಚೂರು ಎಂಜಿನ್ನಿನೊಳಗ ಹೋಗತಾವ."

"ಆಮ್ಯಾಲ?"

"ಆಮ್ಯಾಲ ಏನಿಲ್ರಿ. ಎಂಜಿನ್ನೂ ಇಲ್ಲ."

ನಾನು ಮನಸ್ಸಿನಲ್ಲೇ ಶಿವನಾಮ ಹಿಡಿದು ತಿರುಗಿ ನೋಡಿದರೆ, ಡ್ರೈವರ್ ಕಾಕಾ ಸೀಟಿನ ಮೇಲೆ ಓರೆಯಾಗಿ, ಒಂದು ಕಾಲು ಹೊರಗೆ ಇಳಿಬಿಟ್ಟು ಕುಳಿತಿದ್ದ.

"ಹಂಗ್ಯಾಕ ಕುಂತೀರಿ ಕಾಕಾ?"

"ಜಿಗಿಯಾಕ ಅನುಕೂಲ ಆಗ್ಲಿ ಅಂತ್ರಿ."

ಎಂಜಿನ್ ಬಂದ್ ಆಗಿ ಆಗಲೇ ಒಂದು ತಾಸಾಗಿತ್ತು.

ನಂಬರಿನ ಮೇಲಿನ ದೇವರು

ಮಿಸ್ತ್ರಿ ಟರ್ಬೋವನ್ನು ಬಿಚ್ಚಿ ನೆಲಕ್ಕಿಟ್ಟ. "ಇದು ಎಂಜಿನ್ನಿನ ಉಸಿರ್ರಿ. ಬ್ಯಾರೇದ ತರಬೇಕು. ಕಂಡದ್ದ ತರಾಕ ಬರೂದಿಲ್ಲ. ಬೀಗತನ ಮಾಡುವಾಗ ಮನೆತನ ಕೇಳತೀರಿಲ್ಲೋ, ಹಂಗ ಇದರ ನಂಬರ್ ಬೇಕು. ಮೈಮ್ಯಾಲ ಒಂದು ತಗಡ ಬಡದಿರತಾರ, ಅದರಾಗ ಕೊರದಿರತಾರ."

ತಗಡು ಇತ್ತು. ಆದರೆ ಪ್ರತಿವರ್ಷ ಆಯುಧಪೂಜೆಯಲ್ಲಿ ನಾನು ವಿಭೂತಿ, ಕುಂಕುಮ, ಎಣ್ಣೆ ಹಚ್ಚುತ್ತಿದ್ದದ್ದು ಸರಿಯಾಗಿ ಆ ತಗಡಿಗೇ. ಸಪಾಟಾಗಿ ಸಿಗುತ್ತಿದ್ದ ಜಾಗ ಅದೊಂದೇ. ಎಂಜಿನ್ನಿನ ಕಾವಿಗೆ ಅದೆಲ್ಲ ಬೆಂದು ಕಲ್ಲಾಗಿತ್ತು. ಮೇಲಿಂದ ಡ್ರೈವರ್ ಕಾಕಾ ದರ್ಗಾದಿಂದ ತಂದ ತಾಯಿತವನ್ನು ಅದರ ಮೇಲೆಯೇ ಬಿಗಿದಿದ್ದ.

"ಕೆರೀರಿ" ಎಂದ ಮಿಸ್ತ್ರಿ.

ನನ್ನ ಕೈ ಏಳಲಿಲ್ಲ. "ಕಾಕಾ, ಮೊದಲ ನಿಮ್ಮ ತಾಯಿತ ತಗೀರಿ."

"ತಗಿತೇನ್ರಿ. ಮೊದಲ ನೀವು ವಿಭೂತಿ ಕೆರೀರಿ."

"ವಿಭೂತಿ ತಾಯಿತದ ಕೆಳಗೈತಲ್ಲ."

"ಅದಕ್ಕ ತಾಯಿತ ಇನ್ನೂ ತಡಕೊಂಡೈತ್ರಿ."

ಮಿಸ್ತ್ರಿಗೆ ಸಿಟ್ಟು ಬಂತು. "ದೇವರು ದಿಂಡರು ನನಗ ಏನೂ ಇಲ್ಲ, ಕೊಡ್ರಿ ಇಲ್ಲೆ" ಎಂದು ಸ್ಕ್ರೂಡ್ರೈವರ್ ಹಿಡಿದು ಕುಕ್ಕರಗಾಲಲ್ಲಿ ಕುಳಿತ. ತುದಿಯನ್ನು ತಗಡಿನ ಹತ್ತಿರ ಒಯ್ದ. ಹಿಂದಕ್ಕೆ ತಂದ. ಮತ್ತೆ ಒಯ್ದ. ಕೊನೆಗೆ ಸ್ಕ್ರೂಡ್ರೈವರನ್ನು ಕೆಳಗಿಟ್ಟು ಹೇಳಿದ:

"ಬೋಲ್ಟಿನ ತೂತು ಅಳತಿ ಮಾಡಿಕೊಂಡ ಹೋದ್ರೂ ನಡಿತೈತಿ. ನನಗೂ ಮಕ್ಕಳ ಅದಾವ."

ಮುದ್ದೇಬಿಹಾಳದ ಅಳಿಯ

ಟರ್ಬೋದ ಪಾದವನ್ನು ಒಂದು ರಟ್ಟಿನ ಮೇಲೆ ಒತ್ತಿ, ತೂತುಗಳ ಗುರುತು ಮಾಡಿಕೊಂಡು ಮುದ್ದೇಬಿಹಾಳದ ಗುಜರಿ ಅಂಗಡಿಗೆ ಹೋದೆವು. ಆಣೆಕಟ್ಟಿನ ಕಡೆಯ ಹಳೆಯ ಸಾಮಾನೆಲ್ಲ ಅಲ್ಲಿ ಗುಡ್ಡೆ ಬಿದ್ದಿತ್ತು. ಒಂದು ಟರ್ಬೋದ ತೂತುಗಳು ನಮ್ಮ ರಟ್ಟಿಗೆ ಸರಿಯಾಗಿ ಕೂಡಿದವು. ಆಕಾರ ಮಾತ್ರ ನಮ್ಮದಕ್ಕಿಂತ ದೊಡ್ಡದು.

"ದೊಡ್ಡದಿದ್ರ ಗಾಳಿ ಜಾಸ್ತಿ ಬರತೈತಿ, ಚಲೋನ ಆತು" ಎಂದ ಗುಜರಿಯವನು. ನಾವೂ ಹೌದೆಂದೆವು.

ಅದನ್ನು ಹಳೆಯ ಧೋತರದಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕುಳಿತೆ. ಪಕ್ಕದಲ್ಲಿ ಪೊಲೀಸರೊಬ್ಬರು ಬಂದು ಕುಳಿತರು. ಗಂಟಿನಿಂದ ಕರಿ ಎಣ್ಣೆ ತೊಟ್ಟಿಕ್ಕುತ್ತಿತ್ತು.

"ಏನ್ರೀ ಇದು?"

ಪೊಲೀಸರನ್ನು ಕಂಡರೆ ನನಗೆ ನನ್ನ ಹೆಸರೇ ನೆನಪಿರುವುದಿಲ್ಲ. ಟರ್ಬೋ ಎಂಬ ಮಾತು ಎಲ್ಲಿಂದ ಬರಬೇಕು? ಮಿಸ್ತ್ರಿ ಹೇಳುತ್ತಿದ್ದದ್ದಷ್ಟೇ ಬಾಯಿಗೆ ಬಂತು. "ಉಸಿರ್ರಿ."

"ಯಾರದು?"

"ನಮ್ಮ ಹಳೇದರದು ಹೋಗೇತ್ರಿ. ಇದು ಇನ್ನೊಬ್ಬರದು ತಗದದ್ದು."

ಅವರು ಸೀಟು ಬಿಟ್ಟು ಎದ್ದರು. ಬಾಗೇವಾಡಿಯವರೆಗೆ ನಿಂತುಕೊಂಡೇ ಬಂದರು.

ಊರಿಗೆ ತಂದು ಕೂಡಿಸಿ ಚಾಲೂ ಮಾಡಿದರೆ ಕರಿ ಹೊಗೆ ಎದ್ದಿತು. ಬುಲ್ಡೋಜರ್ ಒಂದು ಬುಟ್ಟಿ ಮಣ್ಣನ್ನೂ ದೂಡಲಾರದೆ ನಿಂತಿತು. ನಮ್ಮ ಎಂಜಿನ್ನಿನ ಹೊಗೆಗೆ ಅಷ್ಟು ದೊಡ್ಡ ಚಕ್ರವನ್ನು ತಿರುಗಿಸುವ ಕಸುವಿರಲಿಲ್ಲ. ತಿರುಗದ ಮೇಲೆ ಗಾಳಿ ಎಲ್ಲಿಯದು?

ಒಡ್ಡಿನ ಮೇಲೆ ಕುಳಿತಿದ್ದ ಹಿರಿಯರೊಬ್ಬರು ಮೋಡ ನೋಡಿದರು, ನನ್ನನ್ನು ನೋಡಿದರು. "ಮುದ್ದೇಬಿಹಾಳದಿಂದ ತಂದ ಅಳಿಯ ಎತ್ತರ ಅದಾನ ಖರೆ" ಎಂದರು, "ದುಡಿಯೂದು ಕಾಣವಲ್ದು."

ತೊಳೆಯುವ ದಿನ

ಮೂಡಲಿಗೆ ಮಿಂಚತೊಡಗಿತ್ತು. ತಂಗಿಯ ಓಣಿಯವರು ಕಾಳಿನ ಚೀಲಗಳನ್ನು ಅಟ್ಟಕ್ಕೆ ಏರಿಸುತ್ತಿದ್ದರು. ನನಗೆ ಅನ್ನ ಸೇರುತ್ತಿರಲಿಲ್ಲ. ನೀಲವ್ವ ಎಲ್ಲ ಕೇಳಿಕೊಂಡು, ಹಳೆಯ ಟರ್ಬೋವನ್ನು ಹಿತ್ತಲಿಗೆ ಎತ್ತಿಸಿಕೊಂಡು ಹೋದಳು. ಮೊದಲು ತಾಯಿತ ಬಿಚ್ಚಿ, ಕಣ್ಣಿಗೊತ್ತಿಕೊಂಡು, ಡ್ರೈವರ್ ಕಾಕಾನ ಕೈಯಲ್ಲಿಟ್ಟಳು. ಆಮೇಲೆ ಹುಣಸೆಹಣ್ಣು, ಬೂದಿ, ತೆಂಗಿನ ನಾರು ತೆಗೆದುಕೊಂಡು ಕುಳಿತಳು.

"ಏ ತಂಗಿ, ವಿಭೂತಿ ಐತಿ ಅದರ ಮ್ಯಾಲ" ಎಂದೆ.

"ಜಗಲಿ ಮ್ಯಾಲಿನ ದೇವರನ್ನ ವಾರಕ್ಕೊಮ್ಮೆ ತಿಕ್ಕಿ ತೊಳಿತೇನಿ ಅಣ್ಣಾ. ಅವ ಒಂದ ದಿನಾನೂ ಸಿಟ್ಟಾಗಿಲ್ಲ. ನೀ ಇದಕ್ಕ ವರ್ಷಾನುಗಟ್ಟಲೆ ಜಳಕನ ಮಾಡಿಸಿಲ್ಲ, ಅದಕ್ಕ ಅತ್ತಿರಬೇಕು."

ನಾವು ಮೂವರು ಗಂಡಸರು ಬಾಗಿಲ ಹಿಂದೆ ನಿಂತು ನೋಡಿದೆವು. ತಗಡು ಬಂಗಾರದಂತೆ ಹೊಳೆಯಿತು, ನಂಬರು ಎದ್ದು ಕಂಡಿತು. ಆಕೆಗೆ ಏನೂ ಆಗಲಿಲ್ಲವೆಂದು ಖಾತ್ರಿಯಾದ ಮೇಲೆ ಮಿಸ್ತ್ರಿ ಹೊರಗೆ ಬಂದು, "ನಾ ಹೇಳಿದ್ನಿಲ್ಲೋ, ತಗಡ ಇರತೈತಿ ಅಂತ" ಎಂದ.

ನಿಲ್ಲಲಾರದ ಎಂಜಿನ್

ಅದೇ ನಂಬರಿನ ಟರ್ಬೋ ಇಂಡಿ ತಾಲೂಕಿನ ತಾಂಬಾದಲ್ಲಿ ಸಿಕ್ಕಿತು. ಕಲ್ಲು ಒಡೆಯುವವರ ಹಳೆಯ ಯಂತ್ರವೊಂದರಲ್ಲಿ ಇತ್ತು. ಈ ಸಲ ಮಿಸ್ತ್ರಿ ನಂಬರು ನೋಡಿದ, ಆಕಾರ ನೋಡಿದ, ಚಕ್ರ ಅಲುಗಿಸಿ ನೋಡಿದ. ದಾರಿಯಲ್ಲಿ ಧೂಳು ಹೋಗಬಾರದೆಂದು ತೂತುಗಳಿಗೆಲ್ಲ ಅರಿವೆ ತುರುಕಿದ.

ಕೂಡಿಸಿದ್ದಾಯಿತು. ಗಾಳಿ ಸೋಸುವ ಡಬ್ಬಿಯೊಂದು ಬಾಕಿಯಿತ್ತು, ಟರ್ಬೋದ ಬಾಯಿ ತೆರೆದೇ ಇತ್ತು. ನೀಲವ್ವ ಹಿತ್ತಾಳೆಯ ತಾಟಿನಲ್ಲಿ ಆರತಿ ಹಿಡಿದು ಬಂದಳು. ಕಾಕಾ ಚಾಲೂ ಮಾಡಿದ. ಸಣ್ಣ ಸೀಟಿ. ನನ್ನ ಕಣ್ಣಲ್ಲಿ ನೀರು ಬಂತು.

ಸ್ವಲ್ಪ ಹೊತ್ತಿಗೆ ಸೀಟಿ ಏರಿತು. ಇನ್ನೂ ಏರಿತು. ಊರು ಮುಚ್ಚುವಷ್ಟು ಹೊಗೆ ಎದ್ದಿತು. ಕಾಕಾ ಡೀಸೆಲ್ ಬಂದ್ ಮಾಡಿದ. ಎಂಜಿನ್ ನಿಲ್ಲಲಿಲ್ಲ, ಮತ್ತೂ ಜೋರಾಗಿ ಕೂಗಿತು.

"ಡೀಸೆಲ್ ಇಲ್ಲದ ಓಡಾಕತ್ತೈತಿ" ಎಂದು ಕಾಕಾ ಜಿಗಿದ. ಅಲ್ಲಿಗೆ ನನ್ನ ಕಣ್ಣಿಗೆ ಕಂಡದ್ದು ಮುಗಿಯಿತು. ಮುಂದಿನದು ತಂಗಿ ಹೇಳಿದ್ದು.

ಮಿಸ್ತ್ರಿ ಮಣ್ಣಿನ ಗುಡ್ಡೆಯ ಹಿಂದೆ ಮಲಗಿ, "ಅದು ತನ್ನ ಎಣ್ಣಿ ತಾನ ಕುಡಿಯಾಕತ್ತೈತಿ. ಯಾರರೆ ಹೋಗಿ ಗಾಳಿ ಬಂದ್ ಮಾಡ್ರಿ" ಎಂದು ಕೂಗುತ್ತಿದ್ದನಂತೆ. ಎಲ್ಲರೂ ಆ ಯಾರಾದರೂ ಒಬ್ಬರ ದಾರಿ ಕಾಯುತ್ತಿದ್ದರು. ನೀಲವ್ವ ದೀಪವನ್ನು ಕೆಳಗಿಟ್ಟು, ತಾಟನ್ನು ಟರ್ಬೋದ ಬಾಯಿಗೆ ಒಡ್ಡಿದಳು. ತಾಟು ತಾನೇ ಫಟ್ಟೆಂದು ಅಂಟಿಕೊಂಡಿತು. ಎಂಜಿನ್ ಎರಡು ಸಲ ಬಿಕ್ಕಿ, ಸತ್ತಂತೆ ಸುಮ್ಮನಾಯಿತು.

ಟರ್ಬೋದಿಂದ ಎಣ್ಣೆ ಇಳಿದುಹೋಗುವ ತೂತಿನಲ್ಲಿ ತುರುಕಿದ ಅರಿವೆಯನ್ನು ಮಿಸ್ತ್ರಿ ತೆಗೆಯಲು ಮರೆತಿದ್ದ. ಇಳಿಯಲು ದಾರಿಯಿಲ್ಲದ ಎಣ್ಣೆ ಎಂಜಿನ್ನಿನೊಳಗೆ ನುಗ್ಗಿ ಡೀಸೆಲ್ಲಿನಂತೆ ಉರಿದಿತ್ತು. ಅರಿವೆ ಎಳೆದು, ಎಲ್ಲ ಒರೆಸಿ, ಎಣ್ಣೆ ಹೊಸದಾಗಿ ಹಾಕಿದ ಮೇಲೆ ಅದು ಎತ್ತಿನಂತೆ ದುಡಿಯಿತು. ಆದರೆ ನೀಲವ್ವ ತಾಟು ಹಿಡಿದು ಎದುರಿಗೆ ಕುಳಿತುಕೊಳ್ಳದೆ ಕಾಕಾ ಚಾವಿ ಮುಟ್ಟಲಿಲ್ಲ. ಆಕೆ ಅದೇ ತಾಟಿನಲ್ಲಿ ಜೋಳ ಹಸನು ಮಾಡುತ್ತ ಕುಳಿತಳು, ಒಡ್ಡು ಮುಚ್ಚಿತು. ಮರುದಿನವೇ ಮಿರಗ ಹೊಡೆಯಿತು. ನೀರು ಒಡ್ಡಿಗೆ ಬಂದು ನಿಂತಿತು. ಕೆಳಗಿನ ಓಣಿಯಲ್ಲಿ ಅಂಗಳಗಳಷ್ಟೇ ಒದ್ದೆಯಾದವು.

ಇನ್ನು ನನ್ನ ಮಾತು. ಎಂಜಿನ್ ಕೂಗುವಾಗ ನಾನು ಶಿವನಾಮ ಹೇಳುತ್ತ ಓಡಿದ್ದೆ. ರಸ್ತೆಗೆ ಬಂದಾಗ ಒಂದು ಬಸ್ಸು ಬರುತ್ತಿತ್ತು. ನಾನು ಕೈ ಮಾಡಲಿಲ್ಲ. ಧೋತರ ಎತ್ತಿ ಓಡುವವನನ್ನು ಕಂಡು ಕಂಡಕ್ಟರನೇ ಮರುಗಿ ನಿಲ್ಲಿಸಿದ. ಹತ್ತಿದೆ.

"ಎಲ್ಲಿಗ್ರಿ?"

"ಮುಂದ."

ಅವನು ಬಾಗೇವಾಡಿಯ ಟಿಕೆಟ್ಟು ಹರಿದುಕೊಟ್ಟ. ಇಳಿಹೊತ್ತಿಗೆ ತಿರುಗಿ ಬಂದರೆ ನೀಲವ್ವ ಹೊಸಿಲಲ್ಲಿ ನಿಂತು, "ಎಂಜಿನ್ ನಾ ನಿಲ್ಲಿಸಿದೆ ಅಣ್ಣಾ. ನಿನ್ನ ಯಾರು ನಿಲ್ಲಿಸಿದ್ರು?" ಎಂದಳು.

ಓದಿದವರು ಇದನ್ನು ನಾಲ್ಕು ಮಂದಿಗೆ ಹೇಳಿರಿ. ಯಂತ್ರ ಇಟ್ಟವರಿಗಂತೂ ತಪ್ಪದೆ ಹೇಳಿರಿ. ಬಸ್ಸಿನ ಮಾತು ಬಂದಾಗ ಮಾತ್ರ, ಇವರಿಗೆ ಆ ದಿನ ಬಾಗೇವಾಡಿಯಲ್ಲಿ ಮೊದಲೇ ಕೆಲಸವಿತ್ತಂತೆ ಎಂದು ನಿಮ್ಮ ಕಡೆಯಿಂದ ಒಂದು ಮಾತು ಸೇರಿಸಿರಿ.