ಬೈಕಿನ ಕೀಗೆ ಬಂದ ಕಂಟಕ

ನನ್ನ ಬೈಕಿನ ಕೀ ಮೇಲೆ ಹೆಂಡತಿಗೆ ಬಹಳ ದಿನದಿಂದ ಕಣ್ಣಿತ್ತು. ಹಳ್ಳಿಮೈಸೂರಿಗೆ ಬೈಕಿನಲ್ಲಿ ಹೋದವನು ಹೊಳೆನರಸೀಪುರಕ್ಕೆ ಬಸ್ಸಿನಲ್ಲಿ ವಾಪಸಾದೆ ಎಂಬುದೊಂದೇ ಅವಳ ಆಧಾರ. (ಬಸ್ಸಿನಲ್ಲಿ ಕಿಟಕಿ ಸೀಟು ಖಾಲಿಯಿತ್ತು. ಯಾರೇ ಆಗಿದ್ದರೂ ಹತ್ತಿಬಿಡುತ್ತಿದ್ದರು.) ಅಂದಿನಿಂದ ಅವಳು, ನಿನ್ನೆ ಉಂಡದ್ದು ಯಾವ ಸಾರು ಎಂದೆಲ್ಲ ಕೇಳತೊಡಗಿದಾಗಲೇ ನನಗೆ ಅನುಮಾನ ಬಂತು.

ಅನುಮಾನ ನಿಜವಾಯಿತು. ವಯಸ್ಸಾದವರಿಗೆ ಮರೆವು ಬಾರದಂತೆ ತಡೆಯುವುದು ಹೇಗೆಂದು ಹಾಸನದಲ್ಲಿ ಯಾರೋ ಸಂಶೋಧನೆ ನಡೆಸುತ್ತಿದ್ದಾರಂತೆ. ದಿನಾ ವಾಕಿಂಗ್ ಮಾಡಿಸಿ, ಸೊಪ್ಪು ತಿನ್ನಿಸಿ, ಚೌಕಾಬಾರ ಆಡಿಸಿ, ಮಿದುಳು ಚುರುಕಾಗುತ್ತದೆಯೇ ಎಂದು ನೋಡುತ್ತಾರಂತೆ. ಅದಕ್ಕೆ ಹೆಂಡತಿ ನಮ್ಮಿಬ್ಬರ ಹೆಸರನ್ನೂ ಬರೆಸಿ ಬಂದಿದ್ದಳು. ಮೊದಲ ಪರೀಕ್ಷೆಯಲ್ಲಿ ನಾನು ತಪ್ಪಿ ಅವಳು ಗೆದ್ದರೆ ಕೀ ಅವಳಿಗೆ, ಇಲ್ಲದಿದ್ದರೆ ಆಜೀವಪರ್ಯಂತ ನನಗೆ ಎಂದು ಒಪ್ಪಂದವಾಯಿತು. ಲೋಕಕಲ್ಯಾಣಕ್ಕೆ ಹೊರಟ ವಿಜ್ಞಾನ ಬಂದು ನನ್ನ ಬೈಕಿಗೆ ತಗುಲಿಕೊಂಡಿತು.

ಪರೀಕ್ಷೆ ಮಾಡಿದ ಹುಡುಗಿ ಶೋಭಿತಾ ಹೇಳಿದ ಪದಗಳನ್ನೆಲ್ಲ ತಿರುಗಿ ಒಪ್ಪಿಸಿದೆ, ಗಡಿಯಾರದ ಚಿತ್ರ ಬರೆದೆ. ಹೆಂಡತಿಯ ಮುಖ ಸಪ್ಪಗಾಗುತ್ತಿತ್ತು. ಆಗ ಆ ಹುಡುಗಿ, "ನಿಮ್ಮ ಮನೆಯವರ ಹೆಸರೇನು ಸಾರ್?" ಎಂದಳು.

ಇಲ್ಲೊಂದು ವಿಷಯ ಹೇಳಬೇಕು. ತೀರಿಕೊಂಡ ನನ್ನ ಅವ್ವನದೂ ನನ್ನ ಹೆಂಡತಿಯದೂ ಒಂದೇ ಹೆಸರು. ಹೆತ್ತವಳ ಹೆಸರು ಹಿಡಿದು ಹೆಂಡತಿಯನ್ನು ಕೂಗುವುದುಂಟೇ? ಹಾಗಾಗಿ ಮದುವೆಯಾದಂದಿನಿಂದ ಅವಳು ಮನೆಮಂದಿಗೆಲ್ಲ 'ಅರಕಲಗೂಡ್ನೋಳು'; ನನಗೆ ಬರೀ 'ಲೇ'. ಈಗ ಎಷ್ಟು ತಡಕಿದರೂ ಊರು ಸಿಗುತ್ತಿದೆ, ಹೆಸರು ಸಿಗುತ್ತಿಲ್ಲ.

"ಅರಕಲಗೂಡು," ಎಂದೆ.

ಅವಳ ಸರದಿ ಬಂತು. ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆಂದು ನಂಬಿದವಳು, ಒಮ್ಮೆಯೂ ಬಾಯಿಬಿಟ್ಟವಳಲ್ಲ. ನಾನು ಧೈರ್ಯವಾಗಿ ಕೂತೆ. ಅವಳು ಒಂದು ಸಲ ನನ್ನನ್ನು, ಒಂದು ಸಲ ಕೀಯನ್ನು ನೋಡಿ, "ಪುಟ್ಟರಾಜು" ಅಂದುಬಿಟ್ಟಳು. ಕೀಗಾಗಿ ನನ್ನ ಆಯಸ್ಸನ್ನೇ ಪಣಕ್ಕಿಟ್ಟಳು!

ಕೀ ಅವಳ ಸೊಂಟ ಸೇರಿತು. ಅದಕ್ಕಿಂತ ಹೆಚ್ಚಾಗಿ, ಇಷ್ಟು ಕಾಲ ಜೊತೆಗೆ ಬಾಳಿದವಳ ಹೆಸರು ಬಾಯಿಗೆ ಬರಲಿಲ್ಲವಲ್ಲ ಎಂದು ನನಗೆ ನಿಜಕ್ಕೂ ನಾಚಿಕೆಯಾಯಿತು. ಶೋಭಿತಾ ಗುಟ್ಟಾಗಿ ಹೆಸರು ನೆನಪಿಸಿ, ದಿನಾ ಕರೆದು ಅಭ್ಯಾಸ ಮಾಡಿಕೊಳ್ಳಿ, ಮುಂದಿನ ಪರೀಕ್ಷೆಯಲ್ಲಿ ಗೆಲ್ಲುತ್ತೀರಿ ಎಂದು ಸಮಾಧಾನ ಹೇಳಿ ಕಳಿಸಿದಳು.

ಮಾರನೆಯ ಬೆಳಗ್ಗೆ ನಡುಮನೆಯಲ್ಲಿ ಅವ್ವನ ಫೋಟೋದ ಕೆಳಗೆ ಕೂತು, ಸಂಕೋಚವನ್ನೆಲ್ಲ ಬದಿಗಿಟ್ಟು, "ದೇವೀರಮ್ಮ" ಎಂದು ಕೂಗಿದೆ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಇನ್ನಷ್ಟು ಪ್ರೀತಿ ಬೆರೆಸಿ, "ದೇವೀರಮ್ಮ, ಒಂಚೂರು ಇತ್ತಗೆ ಬಾ" ಎಂದೆ.

ಅವಳು ಬಾಗಿಲಿಂದ ಇಣುಕಿ ನನ್ನನ್ನೂ ಫೋಟೋವನ್ನೂ ನೋಡಿದಳು. ಆಮೇಲೆ ಒಳಗಿನಿಂದ ಫೋನಿನಲ್ಲಿ ಪಿಸುಗುಟ್ಟುವುದು ಕೇಳಿಸಿತು.

"ಶೋಭಿತವ್ವಾ, ಒಸಿ ಬ್ಯಾಗ ಬಾರವ್ವ. ಸತ್ತೋಗಿರೋ ನಮ್ಮತ್ತೇನ ಎಸ್ರು ಇಡ್ಕಂಡು ಕರೀತಾವ್ರೆ. ಅಂಗೇ ಬೈಕ್ ತಕ್ಕೊಳ್ಳೋರು ಯಾರಾರ ಇದ್ರೆ ಯೋಳು."